ಹಳದಿ ಗೆರೆಯ ಗುಲಾಬಿ: ಎರಡು ನರ್ಸರಿ, ಒಂದು ಪಾಠ

ಸ್ಯಾಕ್ರಮೆಂಟೊದ ಮನೆ ಹತ್ತಿರದ ನರ್ಸರಿಯಿಂದ ತಂದ ಗುಲಾಬಿಯ ಎಲೆ ಮೇಲೆ ವಸಂತದಲ್ಲಿ ಹಳದಿ ಅಂಕುಡೊಂಕು ಗೆರೆ ಮೂಡಿತು. ಗೊಬ್ಬರ ಸಾಲದು ಅಂತ ನರ್ಸರಿಯವರು ಅಂದರು, ನಾನೂ ಸುಮ್ನೆ ಸುರಿದೆ. ಅದು ರೋಸ್ ಮೊಸಾಯಿಕ್, ಗುಲಾಬಿಗೆ ಬರೋ ವೈರಸ್ ರೋಗ! ಹೊಡೆದು ವಾಸಿ ಮಾಡೋ ಔಷಧಿ ಇಲ್ಲ, ಸಾಮಾನ್ಯವಾಗಿ ಕಸಿ ಕಟ್ಟುವಾಗಲೇ ಬರೋದು, ಅಂದ್ರೆ ತಪ್ಪು ನನ್ನದಲ್ಲ ಅಲ್ವಾ?

ಎರಡನೇ ಸಲ ವೈರಸ್ ಪರೀಕ್ಷೆಯಾದ ತಾಯಿಗಿಡದಿಂದ ಕಸಿ ಮಾಡುವ ನರ್ಸರಿಗೆ ಹೋದೆ. ವೈರಸ್ ಹೋಗಲೆಂದು ತಾಯಿಗಿಡವನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ವಾರಗಟ್ಟಲೆ ಇಟ್ಟು, ಹೊಸ ಚಿಗುರಿನ ಮೊಗ್ಗಿನಿಂದ ಕಸಿ ಮಾಡಿ, ಮತ್ತೆ ಪರೀಕ್ಷಿಸುತ್ತಾರೆ ಅಂತ ತಾಳ್ಮೆಯಿಂದ ವಿವರಿಸಿದರು. ಗುಲಾಬಿ ಮೊಸಾಯಿಕ್‌ಗೆ ಕಾರಣವಾಗುವ ವೈರಸ್‌ಗಳಲ್ಲಿ ಒಂದು ಪೀಚ್, ಚೆರ್ರಿಗೂ ಬರುತ್ತದೆ, ಅಲ್ಲಿ ಪರಾಗದಿಂದಲೂ ಹರಡುತ್ತದೆ, ಹಾಗಾಗಿ ಪೀಚ್ ಗಿಡವನ್ನೂ ಅಲ್ಲೇ ಕೊಂಡೆ. ಬೆಲೆ ಜಾಸ್ತಿ, ತಳಿಗಳು ಕಡಿಮೆ. ಎಲೆ ಮಾತ್ರ ಅಚ್ಚ ಹಸಿರು.