ಮುಳುಗಿಸಿದ ಹಡಗು, ಕಾಂಕ್ರೀಟ್ ಗೂಡು, ಹವಳದ ದಿಬ್ಬ: ಮೀನಿಗೆ ಯಾವುದು ಮನೆ?

ಒಂದೇ ಕಡಲಿನ ಮೂರು ಜಾಗಗಳಲ್ಲಿ ಮುಳುಗಿ ಮೀನು ಎಣಿಸಿದೆ: ಮೀನಿಗೆ ಮನೆಯಾಗಲೆಂದು ಬೇಕೆಂದೇ ಮುಳುಗಿಸಿದ ಹಳೆಯ ಹಡಗು, ಸಾಲಾಗಿ ಇಳಿಬಿಟ್ಟ ಕಾಂಕ್ರೀಟ್ ಗೂಡುಗಳು, ಇವೆರಡಕ್ಕೂ ಹತ್ತಿರದ ಹವಳದ ದಿಬ್ಬ. ತಳದಲ್ಲಿ 25 ಮೀಟರ್ ಟೇಪು ಹಾಸಿ, ಅದರ ಇಕ್ಕೆಲದಲ್ಲಿ ಕಂಡದ್ದನ್ನು ಸ್ಲೇಟಿನ ಮೇಲೆ ಗೀಚುತ್ತಾ ಹೋಗುವುದಷ್ಟೇ ಕೆಲಸ. ಹಡಗಿನ ಮೇಲೆ ಟೇಪು ನೆಟ್ಟಗೆ ಕೂರುವುದೇ ಇಲ್ಲ. ಅಲ್ಲಿನ ಎಣಿಕೆಯನ್ನು ನಾನೇ ಪೂರ್ತಿ ನಂಬುವುದಿಲ್ಲ.

ಆದರೂ ಮೊದಲ ನೋಟಕ್ಕೆ ಗೆದ್ದದ್ದು ಹಡಗೇ. ಮೇಲೆ ಬ್ಯಾರಕುಡಾ, ಕೆಳಗೆ ಸ್ನ್ಯಾಪರ್‌ಗಳ ಹಿಂಡು, ಇಂಜಿನ್ ಕೋಣೆಯ ಬಾಗಿಲಲ್ಲಿ ಯಜಮಾನನಂತೆ ಕುಳಿತ ಗ್ರೂಪರ್. ಬರೆದು ಕೈ ಸೋತಿತು. ಮರಳಿನ ಬಯಲಿನಲ್ಲಿ ಎದ್ದು ನಿಂತ ಗೋಡೆ ನೀರಿನ ಹರಿವಿಗೆ ಅಡ್ಡವಾಗುತ್ತದೆ. ಹರಿವು ಹೊತ್ತು ತರುವ ಪ್ಲವಕಕ್ಕೆ, ಅಂದರೆ ನೀರಲ್ಲಿ ತೇಲುವ ಸಣ್ಣಪುಟ್ಟ ಜೀವಿಗಳಿಗೆ, ಸಣ್ಣ ಮೀನು ಬರುತ್ತದೆ, ಸಣ್ಣ ಮೀನಿಗೆ ದೊಡ್ಡದು. 2006ರಲ್ಲಿ ಫ್ಲೋರಿಡಾದ ಪೆನ್ಸಕೋಲಾ ಬಳಿ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನೇ ಮುಳುಗಿಸಿದ್ದೂ ಇಂಥ ನೋಟವನ್ನು ನೆಚ್ಚಿಕೊಂಡೇ.

ದೋಣಿಗೆ ಮರಳಿ ಸ್ಲೇಟು ಓದಿದಾಗ ಕೊರತೆ ಕಂಡಿತು: ಬೆರಳುದ್ದದ ಮರಿಗಳು ತೀರಾ ಕಡಿಮೆ. ಹಡಗಿನಲ್ಲಿದ್ದವು ಬಹುಪಾಲು ಬಲಿತ ಮೀನುಗಳು, ಬೇರೆಲ್ಲೋ ಬೆಳೆದು ಬಂದಿರಬೇಕಾದವು. ಛತ್ರ ತುಂಬಿದ ಮಾತ್ರಕ್ಕೆ ಊರು ಬೆಳೆಯಿತು ಎನ್ನಲಾದೀತೇ? ಕೃತಕ ದಿಬ್ಬ ಮೀನನ್ನು ಹೆಚ್ಚಿಸುತ್ತದೆಯೋ, ಬರೀ ಒಂದೆಡೆ ಗುಡ್ಡೆ ಹಾಕುತ್ತದೆಯೋ ಎಂದು ವಿಜ್ಞಾನಿಗಳು ದಶಕಗಳಿಂದ ವಾದಿಸುತ್ತಿದ್ದಾರೆ. ಬರೀ ಗುಡ್ಡೆಯಾದರೆ ಲಾಭ ಗಾಳದವರಿಗೆ. ಮೆಕ್ಸಿಕೋ ಕೊಲ್ಲಿಯಲ್ಲಂತೂ ಹೊರಗಿನಿಂದ ಬಂದು ಹಬ್ಬಿದ ಸಿಂಹಮೀನು ನೈಸರ್ಗಿಕ ದಿಬ್ಬಗಳಿಗಿಂತ ಕೃತಕ ದಿಬ್ಬಗಳಲ್ಲೇ ಹೆಚ್ಚು ದಟ್ಟವಾಗಿ ನೆಲೆಸಿದೆ.

ಕಾಂಕ್ರೀಟ್ ಗೂಡುಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ತೂತುಗಳೆಲ್ಲ ಒಂದೇ ಅಳತೆಯವು, ಒಳಗಿದ್ದ ಮೀನುಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು.

ಹವಳದ ದಿಬ್ಬದಲ್ಲಿ ದೂರದಿಂದ ಕಂಡ ಜಂಗುಳಿ ಕಡಿಮೆ. ಹತ್ತಿರ ಹೋಗಿ ಸುಮ್ಮನೆ ತೇಲಬೇಕು. ಕೊಂಬೆ ಹವಳದ ಪೊದೆಯೊಂದರ ಮೇಲೆ ಉಗುರಿನಷ್ಟಿದ್ದ ತಿಳಿಹಸಿರು ಮರಿಗಳು ಆಡುತ್ತಿದ್ದವು. ಕೈ ಚಾಚಿದೆ, ಪೊದೆ ಉಸಿರು ಒಳಗೆಳೆದುಕೊಂಡಂತೆ ಅಷ್ಟೂ ಮರಿಗಳು ಕೊಂಬೆಗಳ ಸಂದಿಗೆ ಸರಿದವು. ಕೈ ಹಿಂದಕ್ಕೆ ತೆಗೆದರೆ ಮತ್ತೆ ಹೊರಗೆ. ಆ ಸಂದಿಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಪಕ್ಕದಲ್ಲಿ ಗಿಳಿಮೀನು ಬಂಡೆ ಕೆರೆಯುವ ಕರಕರ ಸದ್ದು ಕಿವಿಗೇ ಕೇಳುತ್ತಿತ್ತು. ಚಿಟ್ಟೆಮೀನು ಹವಳದ ಜೀವಿಗಳನ್ನೇ ಕುಕ್ಕಿ ತಿನ್ನುತ್ತಿತ್ತು. ತನ್ನ ಪಾಚಿಯ ತೋಟ ಕಾಯುತ್ತಿದ್ದ ಡ್ಯಾಮ್ಸೆಲ್ ಮೀನೊಂದು, ಹೆಬ್ಬೆರಳಷ್ಟೂ ಇಲ್ಲ, ನನ್ನ ಕನ್ನಡಕಕ್ಕೇ ಬಂದು ಗುದ್ದಿತು. ಇಲ್ಲಿ ಅಡಗುತಾಣವೇ ಅಡುಗೆಮನೆ. ಕಡಲತಳದ ಶೇಕಡಾ 1ಕ್ಕಿಂತಲೂ ಕಡಿಮೆ ಜಾಗದ ಹವಳದ ದಿಬ್ಬಗಳು ಕಡಲಜೀವಿಗಳ ಸುಮಾರು ಕಾಲುಭಾಗ ಪ್ರಭೇದಗಳಿಗೆ ಆಸರೆಯಾಗಿರುವುದು ಹೀಗೆ. ಆದರೆ ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಹಡಗು ಮುಳುಗಿಸಲು ಒಂದು ದಿನ ಸಾಕು.

ಹವಳವೆಂದರೆ ಕಣ್ಣುಮುಚ್ಚಿ ಗೆಲುವು ಎಂದುಕೊಂಡಿದ್ದ ನನಗೆ ಅದೇ ದಿಬ್ಬದ ಇನ್ನೊಂದು ತುದಿ ಬುದ್ಧಿ ಹೇಳಿತು. ಅಲ್ಲಿ ಹವಳ ಬಿಳಿಚಿ ಸತ್ತು, ಕೊಂಬೆಗಳು ಮುರಿದು ಜಲ್ಲಿಯಾಗಿವೆ. ಅಡಗಲು ಸಂದಿಯೇ ಇಲ್ಲ. ಆ 25 ಮೀಟರ್‌ಗಿಂತ ನಾನು ಮೂಗು ಮುರಿದ ಕಾಂಕ್ರೀಟ್ ಸಾಲೇ ಮೇಲು.

ಹಾಗಾಗಿ ಗಾಳ ಹಾಕುವವರು ಕೇಳಿದರೆ ಹಡಗು ಎನ್ನುತ್ತೇನೆ, ಮರಿಗಳ ಲೆಕ್ಕಕ್ಕೆ ಬದುಕಿರುವ ಹವಳ. ಜಲ್ಲಿಯಾದ ತುದಿಗೆ ಕಾಂಕ್ರೀಟೂ ಆದೀತು, ತೂತುಗಳನ್ನು ಸಣ್ಣದು ದೊಡ್ಡದು ಮಾಡಿ, ಅಲುಗದಂತೆ ಕೂರಿಸಿದರೆ. ಅಲುಗಿದರೆ ಏನಾಗುತ್ತದೆಂದು ತಿಳಿಯಲು ಫ್ಲೋರಿಡಾದ ಆಸ್ಬರ್ನ್ ದಿಬ್ಬವಿದೆ: 1970ರ ದಶಕದಲ್ಲಿ ಮೀನಿಗೆಂದು ಸುರಿದ ಸುಮಾರು 20 ಲಕ್ಷ ಟೈರುಗಳ ಕಟ್ಟು ಬಿಚ್ಚಿ, ಅಲೆಗೆ ಉರುಳಿ, ಪಕ್ಕದ ಜೀವಂತ ಹವಳಕ್ಕೇ ಬಡಿದವು.