ಮೋಲ್ಕಾಹೆತೆಯೋ ಮೆತಾತೆಯೋ? ಎರಡರಲ್ಲೂ ಅರೆದು ನೋಡಿದೆ

ಮೋಲ್ಕಾಹೆತೆ, ಮೆತಾತೆ ಎರಡೂ ಮೆಕ್ಸಿಕೋದ ಅರೆಯುವ ಕಲ್ಲುಗಳು. ಅಲ್ಲಿನ ಗ್ವಾಡಲಹಾರದಲ್ಲಿ ಕೆಲಸಕ್ಕಿದ್ದಾಗ ಎರಡನ್ನೂ ಕೊಂಡೆ. ದಿನದ ಅಡುಗೆಗೆ ಒಂದೇ ಸಾಕು ಅನ್ನುವವರು ಯೋಚಿಸದೆ ಮೋಲ್ಕಾಹೆತೆ ತಗೊಳ್ಳಿ.

ಮೋಲ್ಕಾಹೆತೆ ಅಂದರೆ ಮೂರು ಕಾಲಿನ ಬಟ್ಟಲು, ಜೊತೆಗೆ ತೆಹೋಲೋತೆ ಅನ್ನುವ ಪುಟ್ಟ ಗುಂಡು. ನೋಡಲು ನಮ್ಮ ಕುಟ್ಟಾಣಿಯ ಹಾಗೇ. ಆದರೆ ಕಲ್ಲು ಜ್ವಾಲಾಮುಖಿಯ ಬಸಾಲ್ಟ್, ಮೈತುಂಬ ಸಣ್ಣ ಸಣ್ಣ ತೂತು, ಆ ತೂತುಗಳ ಅಂಚೇ ಅರೆಯುವುದು. ಹೊಸದರಲ್ಲಿ ಮೊದಲು ಹಿಡಿ ಅಕ್ಕಿ ಹಾಕಿ ಅರೆಯಬೇಕು. ಹಿಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ, ಅದು ಕಲ್ಲಿನ ಪುಡಿ. ಚೆಲ್ಲಿ ಮತ್ತೆ ಅರೆಯಿರಿ. ನನ್ನದು ಐದನೇ ಸಲಕ್ಕೆ ಬೆಳ್ಳಗಾಯಿತು. ಎಷ್ಟು ಅರೆದರೂ ಬೂದು ಹೋಗುತ್ತಿಲ್ಲ ಅಂದರೆ ಸಿಮೆಂಟಿನದು ಇರಬಹುದು, ಅಂಥದ್ದು ಅಡುಗೆಗೆ ಬೇಡವೇ ಬೇಡ.

ಸಾಲ್ಸಾಗೆ, ಅಂದರೆ ಅಲ್ಲಿನ ಟೊಮೆಟೊ-ಮೆಣಸಿನಕಾಯಿ ಚಟ್ನಿಗೆ, ಮೊದಲು ಬೆಳ್ಳುಳ್ಳಿ, ಕಲ್ಲುಪ್ಪು. ಆಮೇಲೆ ಕಾವಲಿ ಮೇಲೆ ಸುಟ್ಟ ಮೆಣಸಿನಕಾಯಿ, ಕೊನೆಗೆ ಸುಟ್ಟ ಟೊಮೆಟೊ. ಟೊಮೆಟೊ ಮೊದಲೇ ಬಿದ್ದರೆ ಬೆಳ್ಳುಳ್ಳಿ ರಸದಲ್ಲಿ ಜಾರಿಕೊಂಡು ತಿರುಗುತ್ತದೆ, ಅರೆಯುವುದಿಲ್ಲ. ಅದೇ ದಿನ ಅದೇ ಸಾಮಾನು ಮಿಕ್ಸಿಗೂ ಹಾಕಿದೆ. ಗಾಳಿ ಸೇರಿ ನೊರೆ ಬಂತು, ಬಣ್ಣ ತಿಳಿ ಗುಲಾಬಿಯಾಯಿತು. ಕಲ್ಲಿನದರಲ್ಲಿ ಸುಟ್ಟ ಸಿಪ್ಪೆಯ ಚೂರುಗಳು ಹಾಗೇ ಬಾಯಿಗೆ ಸಿಕ್ಕವು.

ಮೆತಾತೆ ಬೇರೆಯೇ. ಇಳಿಜಾರಾದ ಹಲಗೆಯಂಥ ಕಲ್ಲು, ಮಂಡಿಯೂರಿ ಕೂತು ಉದ್ದನೆಯ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಬಿಟ್ಟು ಮುಂದಕ್ಕೆ ತಳ್ಳಬೇಕು. ನಮ್ಮ ಅರೆಯುವ ಕಲ್ಲು ಬಳಸಿದವರಿಗೆ ಕೈ ಬೇಗ ಕೂರುತ್ತದೆ. ಇದರಲ್ಲಿ ಸಾಲ್ಸಾ ಮಾಡಹೋದರೆ ರಸವೆಲ್ಲ ಕೆಳಗೆ ಹರಿದುಹೋಗುತ್ತದೆ. ಆದರೆ ಸುಣ್ಣದ ನೀರಲ್ಲಿ ಬೇಯಿಸಿ ರಾತ್ರಿ ನೆನೆಯಲು ಬಿಟ್ಟ ಮೆಕ್ಕೆಜೋಳ ಇದೆಯಲ್ವಾ, ಅದು ಮೋಲ್ಕಾಹೆತೆಯಲ್ಲಿ ಬರೀ ತರಿತರಿ, ಇಲ್ಲಿ ಮೂರು ಸಲ ಎಳೆದರೆ ಅಲ್ಲಿನ ತೆಳು ರೊಟ್ಟಿ ತೋರ್ತೀಯಾ ತಟ್ಟುವಷ್ಟು ನುಣ್ಣಗೆ. ಅರ್ಧ ಕಿಲೋಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಭುಜ ಎರಡು ದಿನ ನೋವು. ಹಿಂದೆ ಅಲ್ಲಿನ ಹೆಂಗಸರು ಇದನ್ನು ದಿನಾ, ಮನೆಮಂದಿಗೆಲ್ಲ ಸಾಲುವಷ್ಟು ಮಾಡುತ್ತಿದ್ದರು.

ಕೋಕೋಗಂತೂ ಮೆತಾತೆಯೇ ಬೇಕು. ಕಲ್ಲಿನ ಕೆಳಗೆ ಸ್ವಲ್ಪ ಕೆಂಡ ಇಡುತ್ತಾರೆ. ಹುರಿದು ಸಿಪ್ಪೆ ತೆಗೆದ ಬೀಜ ಮೊದಲು ಒಣ ಪುಡಿಯಾಗುತ್ತದೆ. ಏನೂ ಆಗುತ್ತಿಲ್ಲ ಅಂದುಕೊಳ್ಳುವಾಗಲೇ ಬಿಸಿಗೆ ಅದರ ಬೆಣ್ಣೆ ಬಿಟ್ಟುಕೊಂಡು ಮಿರಮಿರ ಹೊಳೆಯುತ್ತದೆ, ಆಮೇಲೆ ನಿಧಾನಕ್ಕೆ ಕಲ್ಲಿನ ತುದಿಗೆ ಹರಿದು ಬರುತ್ತದೆ. ಒಂದು ಹನಿ ನೀರು ಹಾಕಿರುವುದಿಲ್ಲ. ಅದನ್ನು ನೋಡಿದ ಮೇಲೆ ಮೆತಾತೆಯನ್ನು ಮಾರುವ ಯೋಚನೆ ಬಿಟ್ಟೆ.