ಕಾಣೆಯಾದ ಮೇಲ್ ಹುಡುಕಲು: ಗ್ರೆಪ್ಪೋ, ಆರ್‌ಸ್ಪಾಮ್‌ಡಿ ಪುಟವೋ?

ಬೈಕಂಪಾಡಿಯ ನಿಮ್ಮ ಗೋಡಂಬಿ ಆಫೀಸಿಗೆ ಬರಬೇಕಿದ್ದ ಆರ್ಡರ್ ಮೇಲ್ ಎಲ್ಲಿ ನಿಂತಿತು ಅಂತ ತಿಳಿಯಬೇಕು, ಅಲ್ವಾ? ದಾರಿ ಎರಡು: ಮೇಲ್ ಸರ್ವರ್ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಪದ ಹುಡುಕುವ ಗ್ರೆಪ್ ಕಮಾಂಡ್; ಇಲ್ಲವೇ ಮೇಲ್‌ಗೆ ಅಂಕ ಹಾಕಿ ಸ್ಪಾಮ್ ತಡೆಯುವ ಆರ್‌ಸ್ಪಾಮ್‌ಡಿ ಫಿಲ್ಟರ್‌ನ ಪುಟ. ಎರಡಕ್ಕೂ ದುಡ್ಡು ಬೇಡ.

ಇವತ್ತಿನ ಮೇಲ್ ಆದರೆ ಆರ್‌ಸ್ಪಾಮ್‌ಡಿಯ ವೆಬ್ ಪುಟವೇ ಸುಲಭ. ಕಳುಹಿಸಿದವರ ವಿಳಾಸ, ಒಟ್ಟು ಸ್ಕೋರು, ಯಾವ ನಿಯಮಕ್ಕೆ ಎಷ್ಟು ಅಂಕ, ಎಲ್ಲವೂ ಕಾಣುತ್ತದೆ. ಕಮಾಂಡ್ ಬಾರದವರೂ ನೋಡಬಹುದು. ಆದರೆ ಸೆಟ್ಟಿಂಗ್ ಬದಲಿಸದಿದ್ದರೆ ಕೊನೆಯ 200 ಮೇಲ್‌ಗಳ ವಿವರ ಮಾತ್ರ ಉಳಿಯುತ್ತದೆ.

ಹಳೆಯದಕ್ಕೆ ಗ್ರೆಪ್ಪೇ ಗತಿ, ಅದೂ ಲಾಗ್ ಅಳಿಸಿಹೋಗಿರದಿದ್ದರೆ. ಮೊದಲು ವಿಳಾಸ ಹುಡುಕಿ ಕ್ಯೂ ಐಡಿ ಹಿಡಿಯಿರಿ (ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಪ್ರತಿ ಮೇಲ್‌ಗೆ ತಾನೇ ಕೊಡುವ ಗುರುತು), ಆಮೇಲೆ ಆ ಐಡಿಯ ಸಾಲುಗಳನ್ನೆಲ್ಲ ತೆಗೆಯಿರಿ. ಆರ್‌ಸ್ಪಾಮ್‌ಡಿಯ ಬದಲು ಅಮಾವಿಸ್ ಎಂಬ ಇನ್ನೊಂದು ಫಿಲ್ಟರ್ ಇದ್ದರೆ ಸ್ಕ್ಯಾನ್ ಆದ ಮೇಲೆ ಸಾಮಾನ್ಯವಾಗಿ ಕ್ಯೂ ಐಡಿ ಬದಲಾಗುತ್ತದೆ. ಅಲ್ಲಿ ಮೆಸೇಜ್ ಐಡಿ, ಅಂದರೆ ಮೇಲ್‌ನ ಹೆಡರ್‌ನಲ್ಲೇ ಇರುವ ಗುರುತು, ಹಿಡಿದು ಹೋಗಬಹುದು. ತಾಳ್ಮೆ ಬೇಕು, ನಿಜ. ಆದರೆ ಫಿಲ್ಟರ್ ಮುಟ್ಟುವ ಮೊದಲೇ ಪೋಸ್ಟ್‌ಫಿಕ್ಸ್ ಮೇಲನ್ನು ತಿರಸ್ಕರಿಸಿದ್ದರೆ, ‘ನೋಕ್ಯೂ: ರಿಜೆಕ್ಟ್’ (NOQUEUE: reject) ಅನ್ನುವ ಸಾಲು ಸಿಗುವುದು ಮೇಲ್ ಲಾಗ್‌ನಲ್ಲೇ.